ಹೋಬಾರ್ಟ್‌ನ ನಿದ್ದೆ

ಓರ್ಲೀನ್ ಟ್ಯಾಕೆಟ್ ನಮ್ಮ ಪಕ್ಕದ ಮನೆಯವಳು. ಅರ್ಕನ್ಸಾದ ಈ ಗುಡ್ಡದೂರಿನ ಶಾಲೆಯಲ್ಲಿ ಮಕ್ಕಳಿಗೆ ಮೆಕ್ಕೆಜೋಳದ ಬ್ರೆಡ್ಡು, ಅವರೆಕಾಳು ಬೇಯಿಸಿ ಹಾಕುತ್ತ ಒಬ್ಬನೇ ಮಗ ಲೈಲ್‌ನನ್ನು ಬೆಳೆಸಿದಳು. ಯಾರೊಂದಿಗೂ ಏರಿದ ದನಿಯಲ್ಲಿ ಮಾತಾಡಿದವಳಲ್ಲ. ಆ ಒಳ್ಳೆಯತನವೇ ಅವಳಿಗೆ ಮುಳುವಾಯಿತು.

ಪೆಟ್ರೋಲ್ ಬಂಕಿನ ದರೋಡೆಯ ಆರೋಪ ಲೈಲ್ ಮೇಲೆ ಬಂತು. ಆ ಸಂಜೆ ಅವನು ದೂರದೂರಿನಲ್ಲಿ ಚಿಕ್ಕಮ್ಮನ, ಅಂದರೆ ಓರ್ಲೀನಳ ತಂಗಿಯ, ಮನೆಯಲ್ಲಿದ್ದ. ಹಾಗೆಂದು ಹೇಳಲು ಇದ್ದವಳು ಆ ಚಿಕ್ಕಮ್ಮ ಒಬ್ಬಳೇ. ಅವಳು ಸಾಕ್ಷಿ ಹೇಳುವಾಗ, ತೀರ್ಪು ಹೇಳಲು ಊರವರಿಂದ ಆರಿಸಿದ ಜ್ಯೂರಿಯಲ್ಲಿ ಕೂತಿದ್ದ ಹೋಬಾರ್ಟ್ ಸ್ಪೈವಿ ತೂಕಡಿಸುತ್ತಿದ್ದ. ಹೋಬಾರ್ಟ್ ನಮ್ಮ ಚರ್ಚಿನ ಹಿರಿಯ. ಹೆಂಡತಿ ಸತ್ತ ಮೇಲೆ ರಾತ್ರಿ ಕಣ್ಣು ಮುಚ್ಚದ ಮನುಷ್ಯ, ಭಾನುವಾರ ಪ್ರವಚನ ಶುರುವಾದರೆ ಸಾಕು ಗೊರಕೆ ಹೊಡೆಯುತ್ತಾನೆ. ಎಬ್ಬಿಸಬಾರದೆಂದು ಪಾದ್ರಿಯೇ ದನಿ ತಗ್ಗಿಸುತ್ತಾರೆ. ನಮ್ಮೂರಿನ ಮರ್ಯಾದೆ ಅದು, ಹಾಳಾದ್ದು.

ನಮ್ಮ ಕಡೆಯ ಲಾಯರು ಹೋಬಾರ್ಟ್‌ಗೆ ಬೆನ್ನು ತಿರುಗಿಸಿ ನಿಂತಿದ್ದ. ನೋಡಿದವಳು ಓರ್ಲೀನ್. ಪಕ್ಕದಲ್ಲಿದ್ದ ನಾನು ಕುರ್ಚಿ ಎಳೆದಾಗ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಮೆತ್ತಗೆ ಕಣೇ ವರ್ನೀಸ್, ಪಾಪ, ಮಲಗಿದಾರೆ."

ಜ್ಯೂರಿಯಲ್ಲಿ ಒಬ್ಬರು ಒಪ್ಪದಿದ್ದರೂ ಶಿಕ್ಷೆಯಾಗುತ್ತಿರಲಿಲ್ಲ; ಹನ್ನೆರಡೂ ಮಂದಿ ಲೈಲ್‌ನನ್ನು ತಪ್ಪಿತಸ್ಥ ಎಂದರು. ಶಿಕ್ಷೆ ಹದಿನೆಂಟು ವರ್ಷ. ಆಮೇಲಷ್ಟೇ ಅವಳು ಲಾಯರಿಗೆ ನಿದ್ದೆಯ ಸಂಗತಿ ಹೇಳಿದಳು. ಅವನು ತಲೆ ಚಚ್ಚಿಕೊಂಡು ಮೇಲ್ಮನವಿ ಹಾಕಿದ.

ಮೇಲಿನ ಕೋರ್ಟಿನ ತೀರ್ಪುಗಳು ಹೊರಬೀಳುವುದು ಬುಧವಾರ ಬೆಳಿಗ್ಗೆ. ಆ ದಿನ ಬಂದ ರಾಶಿಯಲ್ಲಿ ಬೇಲಿ ಜಗಳವಿತ್ತು, ಒಂದು ವಿಚ್ಛೇದನವಿತ್ತು, ನಡುವೆ ನಮ್ಮ ಲೈಲ್. ಶಾಲೆಯ ಅಡುಗೆಮನೆಯಲ್ಲಿ ನಿಂತು ನನ್ನ ಫೋನಿನಿಂದ ನಾನೇ ಅವಳಿಗೆ ಓದಿ ಹೇಳಿದೆ.

"ಹೋಬಾರ್ಟಣ್ಣ ನಿದ್ದೆ ಮಾಡಿಲ್ಲ ಅಂತಾರಾ?" ಎಂದಳು ಓರ್ಲೀನ್.

"ಹಾಗನ್ನಲ್ಲ. ಅದನ್ನ ಆಗಲೇ ಜಡ್ಜ್ ಮುಂದೆ ಹೇಳ್ಬೇಕಿತ್ತಂತೆ. ಆಗ ಸುಮ್ಮನಿದ್ದು ಈಗ ಹೇಳಿದ್ರೆ ಕೇಳಕ್ಕಾಗಲ್ಲ, ಕೆಳಗಿನ ತೀರ್ಪೇ ಖಾಯಂ ಅಂತಾರೆ."

"ಯಾರೂ ಹೇಳ್ಲಿಲ್ವಲ್ಲ ನಂಗೆ," ಎಂದಳು. ಒಲೆ ಆರಿಸಿದಳು. ನನಗೆ ಮೇಲಿನ ಕೋರ್ಟಿನ ಮೂವರು ಜಡ್ಜ್‌ಗಳ ಮೇಲೂ ಸಿಟ್ಟು ಬಂತು, ಅವಳ ಮೇಲೆ ಇನ್ನೂ ಹೆಚ್ಚು.

ಭಾನುವಾರ ಎಂದಿನಂತೆ ಹೋಬಾರ್ಟ್ ಗದ್ದವನ್ನು ಎದೆಗಿಳಿಸಿದ. ಪಾದ್ರಿ ದನಿ ತಗ್ಗಿಸಿದರು. ಓರ್ಲೀನ್ ಎದ್ದುಹೋಗಿ ಅವನ ಭುಜ ಹಿಡಿದು ಅಲುಗಿಸಿದಳು.

"ಹೋಬಾರ್ಟಣ್ಣ, ಏಳಿ."

"ಏನಮ್ಮ, ಮುಗೀತಾ?"

"ಮುಗೀತು. ಆದ್ರೂ ನನ್ನ ತಂಗಿ ಅವತ್ತು ಹೇಳಿದ್ದು ನೀವು ಕೇಳೇ ಇಲ್ಲ. ಈಗ ಕೇಳಿ."

ಆ ಸಂಜೆ ತಂಗಿಯ ಕೂಸಿಗೆ ಜ್ವರ ಬಂದಿದ್ದು, ಲೈಲ್ ಅದನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿದ್ದು, ಅಲ್ಲೇ ಊಟ ಮಾಡಿ ಬೆಳಗಾದ ಮೇಲೆ ಹೊರಟಿದ್ದು, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಪಾದ್ರಿಯೂ ತಡೆಯಲಿಲ್ಲ. ಹೋಬಾರ್ಟ್ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೂ ಎಚ್ಚರವಾಗಿದ್ದು ಕೇಳಿದ.

"ಇದನ್ನ ಆಗ ಕೇಳಿದ್ರೆ ನಾನು ತಪ್ಪಿತಸ್ಥ ಅಂತಿರ್ಲಿಲ್ಲಮ್ಮ," ಎಂದ.