ಡೇರಿಯ ಕಂಪ್ಯೂಟರ್ ಬಿಚ್ಚುತ್ತ ಕೂತ ಗಂಟು

ಪಲ್ಟನ್ನಿನಿಂದ ನಿವೃತ್ತನಾಗಿ ಬಂದ ಮೇಲೆ ಊರವರು ನನ್ನನ್ನು ಹಾಲಿನ ಡೇರಿಯ ಅಧ್ಯಕ್ಷನನ್ನಾಗಿ ಮಾಡಿದರು. ಡೇರಿಗೆ ಕಂಪ್ಯೂಟರ್ ಬಂದ ದಿನವೇ ನಾನೊಂದು ಕಾಯಿದೆ ಮಾಡಿದೆ: ಹೊರಗಿನಿಂದ ಬಂದ ಯಾವ ಫೈಲನ್ನೂ ತಳದವರೆಗೆ ಬಿಚ್ಚಿ ನೋಡದೆ ಒಳಗೆ ಬಿಡಬಾರದು. ವೈರಸ್ ಹಿಡಿಯುವ ತಂತ್ರಾಂಶವನ್ನೂ ಹಾಗೆಯೇ ಹೊಂದಿಸಿದೆ. ಟ್ರಂಕಿನ ಮೇಲಿನ ಬಟ್ಟೆಯನ್ನಷ್ಟೇ ನೋಡಿ ಗೇಟು ತೆಗೆಯುವವನು ಪಹರೆಯವನೇ ಅಲ್ಲ.

ಕಳೆದ ಬೇಸಿಗೆಯ ಒಂದು ಮುಂಜಾನೆ ಹಾಲು ಹಾಕುವವರ ಸಾಲು ರಸ್ತೆ ಮುಟ್ಟಿತ್ತು. ಹಾಲಿನ ಲೆಕ್ಕ ಬರೆಯುವ ಕಂಪ್ಯೂಟರ್ ಅಲುಗುತ್ತಿರಲಿಲ್ಲ. ಕಬ್ಬೂರ ಕಡೆಯಿಂದ ಬರುವ ಹಾಲಿನ ಗಾಡಿ ಯಾರಿಗೂ ಕಾಯುವುದಿಲ್ಲ. ಅದು ತಪ್ಪಿದರೆ ಆ ಬಿಸಿಲಿಗೆ ಊರ ಹಾಲೆಲ್ಲ ಒಡೆಯುತ್ತದೆ.

"ಏನಾತವ್ವಾ?" ಎಂದು ಕಂಪ್ಯೂಟರ್ ನೋಡಿಕೊಳ್ಳುವ ನಮ್ಮ ಓಣಿಯ ಸೊಸೆಯನ್ನು ಕೇಳಿದೆ.

"ಕಾಕಾರ, 'ಹೊಸ ದರಪಟ್ಟಿ' ಅಂತ ಒಂದ ಜಿಪ್ ಫೈಲ್ ಬಂದೈತ್ರಿ. ಯಾರೋ ಕಿಡಿಗೇಡಿ ಕಳಿಸ್ಯಾನ. ನೋಡಾಕ ಸಣ್ಣ ಗಂಟ. ಬಿಚ್ಚಿದ್ರ ಒಳಗ ಹತ್ತ ಗಂಟ, ಒಂದೊಂದರಾಗ ಮತ್ತ ಹತ್ತ. ತಪಾಸಣಿ ಮಾಡೋದು ಎಲ್ಲಾ ಬಿಚ್ಚಾಕತ್ತೈತಿ. ಕಂಪ್ಯೂಟರಿನ್ಯಾಗ ಜಾಗಾನ ಉಳದಿಲ್ಲ."

"ಗಂಟಿನ್ಯಾಗ ಇರೋದಾದ್ರೂ ಏನು?"

"ಬರೇ ಸೊನ್ನಿರಿ."

"ಏನೂ ಇಲ್ಲದ್ದು ಇಷ್ಟ ಜಾಗಾ ಹಿಡಿತೈತಿ?"

ಸಾಲಿನ ಮುಂದಿದ್ದ, ಒಂದೇ ಎಮ್ಮೆಯ ಮುದುಕಿ ಬಾಯಿ ಹಾಕಿದಳು. "ನಮ್ಮ ಬೀಗರನ್ನ ನೋಡಿಲ್ಲೇನ ಫೌಜಿ ಅಣ್ಣಾ? ಬರಿಗೈಲೆ ಬಂದು ಮನಿ ತುಂಬತಾರ."

ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿಸಿದೆ. ಎದ್ದ ಕೂಡಲೇ ಅದು ನನ್ನ ಕಾಯಿದೆಯಂತೆ ಅದೇ ಗಂಟಿಗೆ ಕೈ ಹಾಕಿತು. ಇಂಥ ಜವಾನ ಪಲ್ಟನ್ನಿನಲ್ಲಿ ಸಿಕ್ಕಿದ್ದರೆ ಬಡ್ತಿಗೆ ಶಿಫಾರಸು ಮಾಡುತ್ತಿದ್ದೆ.

"ತಪಾಸಣಿ ಬಂದ್ ಮಾಡ್ಲಿರಿ?" ಎಂದಳು ಸೊಸೆ.

"ತಪಾಸಣೆ ನಿಲ್ಲಬಾರದು," ಎಂದೆ.

"ನಿನ್ನ ಪೆಟ್ಟಿಗಿ ಉಸರ ಹಿಡದ ಕುಂದರತೈತಿ," ಎಂದಳು ಮುದುಕಿ. "ನನ್ನ ಹಾಲ ಕುಂದರಾಂಗಿಲ್ಲೋ ಯಪ್ಪಾ."

ದೂರದಲ್ಲಿ ಗಾಡಿಯ ಹಾರ್ನ್ ಕೇಳಿತು. ನಾನು ಕಂಪ್ಯೂಟರಿನ ವೈರನ್ನೇ ಕಿತ್ತೆ. ಫ್ಯಾಟ್ ಅಳೆಯುವ ಯಂತ್ರಕ್ಕೆ ತನ್ನದೇ ಪುಟ್ಟ ಪರದೆ ಇತ್ತು. ಸೊಸೆ ಅಂಕಿ ಕೂಗಿದಳು, ನಾನು ಸೀಮೆಸುಣ್ಣದಿಂದ ಅವರವರ ಕ್ಯಾನಿನ ಹೊಟ್ಟೆಯ ಮೇಲೆ ಲೀಟರು, ಫ್ಯಾಟು ಬರೆದೆ. ಸಂಜೆ ಕಂಪ್ಯೂಟರ್ ಸರಿಮಾಡಿಸಿ ಕ್ಯಾನು ನೋಡಿ ಲೆಕ್ಕವನ್ನೆಲ್ಲ ಅದಕ್ಕೆ ಹತ್ತಿಸುವುದೆಂದು ಠರಾಯಿಸಿದೆವು. ಚಾಲಕ ಬೈಯುತ್ತಲೇ ಇದ್ದ, ಹಾಲು ಗಾಡಿ ಏರುತ್ತಲೇ ಇತ್ತು. ಕೊನೆಯ ಹನಿಯೂ ಹೋಯಿತು.

ಆಗ ನನಗೆ ಕ್ಯಾನುಗಳ ಮೇಲಿನ ಸೀಮೆಸುಣ್ಣ ನೆನಪಾಯಿತು. ಕ್ಯಾನು ತೊಳೆದಿಲ್ಲವೆಂದು ಹಾಲನ್ನೇ ವಾಪಸು ಕಳಿಸಿದವನು ನಾನು. ನನ್ನ ಹೆದರಿಕೆಗೆ ಎಲ್ಲರೂ ಮನೆ ಮುಟ್ಟುತ್ತಲೇ ತಿಕ್ಕಿ ಬೆಳಗುತ್ತಾರೆ. ಬಾಗಿಲಿಗೆ ಓಡಿ ಕವಾಯತಿನ ಗಂಟಲಿನಲ್ಲಿ ಕೂಗಿದೆ: "ಇವತ್ತ ಸಂಜೀತನಕ ಯಾರೂ ಕ್ಯಾನ್ ತೊಳಿಬ್ಯಾಡ್ರಿ!"

ಮುದುಕಿ ತಿರುಗಿ ನಿಂತು ತನ್ನ ಕ್ಯಾನನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಅಧ್ಯಕ್ಷ ಆದಾಗಿಂದ ಇದೊಂದ ಚಲೋ ಹುಕುಂ ಕೊಟ್ಟಿ ನೋಡ ಅಣ್ಣಾ."