ದಾನವ್ವನ ದೊಡ್ಡ ಬುಟ್ಟಿ

ಆರ್.ಟಿ. ನಗರದ ಬ್ಯಾಂಕೊಂದರಲ್ಲಿ ಪರದೇಶದ ಡ್ರಾಫ್ಟುಗಳ ಕೌಂಟರಿನಲ್ಲಿ ನಾನು ಹದಿನೆಂಟು ವರ್ಷ ಕೂತಿದ್ದೆ. ಬಿ.ಕಾಂ. ಓದಿದ್ದೆ, ಬ್ಯಾಂಕಿನ ಪರೀಕ್ಷೆ ಎರಡು ಪಾಸಾಗಿದ್ದೆ, ವಿದೇಶಿ ವಿನಿಮಯದಲ್ಲಿ ಈ ವೆಂಕಟರಾಮಯ್ಯನಿಗೆ ತಿಳಿಯದ್ದು ಏನಿದೆ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದವಳು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ದಾನವ್ವ. ಅವಳ ವಿಷಯ ಹೇಳಲು ಕೂತರೆ ಇವತ್ತಿಗೂ ನನಗೆ ಮೈಯೆಲ್ಲ ಚುರುಕಾಗುತ್ತದೆ.

ದಾನವ್ವ ಗದಗಿನ ಕಡೆಯವಳು. ಗಂಡ ಕಾಶಿನಾಥ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು, ಎಪ್ಪತ್ತೊಂಬತ್ತರಲ್ಲಿ ಮಸ್ಕತ್ತಿಗೆ ಹೋದ. ಇವಳು ನಮ್ಮ ಬ್ಯಾಂಕಿನ ಹಿಂದಿನ ಬೀದಿಯಲ್ಲಿ ರಾಮಲಕ್ಷ್ಮಮ್ಮನವರ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಹೊಲಿಗೆ ಮೆಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು.

ಇನ್ನು ಪಾಳಿ ಮನೆಯ ವಿಷಯ. ಗದಗ, ರೋಣದ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ ಹನ್ನೆರಡು ಕುಟುಂಬದವರು ಸಂಘ ಮಾಡಿಕೊಂಡು, ಯಶವಂತಪುರದ ರೈಲ್ವೆ ಗೇಟಿನಾಚೆ ಎರಡು ಕೋಣೆಯ ಹೆಂಚಿನ ಮನೆಯೊಂದನ್ನು ಒಟ್ಟಿಗೆ ಕೊಂಡಿದ್ದರು. ಊರಿನಿಂದ ಆಸ್ಪತ್ರೆಗೋ ಇಂಟರ್‌ವ್ಯೂಗೋ ಬಂದವರು ಇಳಿದುಕೊಳ್ಳಲು ಒಂದು ಜಾಗ. ವರ್ಷಕ್ಕೆ ಹನ್ನೆರಡು ತಿಂಗಳು, ಹನ್ನೆರಡು ಪಾಲುದಾರರು, ತಲಾ ಒಂದು ತಿಂಗಳ ಪಾಳಿ. ಕಂದಾಯ, ಸುಣ್ಣ, ಹೆಂಚಿನ ರಿಪೇರಿಗೆಂದು ಪ್ರತಿಯೊಬ್ಬರೂ ವರ್ಷಕ್ಕೆ ಆರುನೂರು ರೂಪಾಯಿ ಕೊಡಬೇಕು. ಮಾರ್ಚ್ ಮೂವತ್ತೊಂದರೊಳಗೆ ಪೂರ್ತಿ ಬರದಿದ್ದರೆ ಆ ವರ್ಷದ ಪಾಳಿ ಕಾದಿರುವ ಬೇರೆಯವರಿಗೆ. ಕಾರ್ಯದರ್ಶಿ ಪಂಚಪ್ಪ ಈ ನಿಯಮದಲ್ಲಿ ಹೆತ್ತ ತಾಯಿಗೂ ಒಂದು ದಿನ ಬಿಡುವವನಲ್ಲ.

ಕಾಶಿನಾಥನ ಪಾಳಿ ಆಗಸ್ಟ್ ತಿಂಗಳದು. ಮಸ್ಕತ್ತಿಗೆ ಹೋದ ಮೇಲೆ ಅವನು ಸಂಬಳ ಬಂದ ಕೂಡಲೇ ತಿಂಗಳಿಗೆ ಐವತ್ತು ರೂಪಾಯಿಯ ಡ್ರಾಫ್ಟು ಕೊಂಡು ಸೀದಾ ಸಂಘದ ಹೆಸರಿಗೆ ಕಳಿಸುತ್ತಿದ್ದ. ಸಂಘದ ಖಾತೆ ಇದ್ದದ್ದು ನಮ್ಮಲ್ಲೇ. ಡ್ರಾಫ್ಟು ಬೊಂಬಾಯಿಯ ಇನ್ನೊಂದು ಬ್ಯಾಂಕಿನ ಮೇಲೆ ಬರೆದದ್ದು. ಅದನ್ನು ಅಲ್ಲಿಗೆ ಕಳಿಸಿ ಹಣ ತರಿಸಬೇಕು, ಅದಕ್ಕೆ ನಮ್ಮ ಕಮಿಷನ್ನು, ರಿಜಿಸ್ಟರ್ಡ್ ಅಂಚೆಯ ಖರ್ಚು. ಐವತ್ತು ಹೊರಟರೆ ಸಂಘಕ್ಕೆ ಮುಟ್ಟುತ್ತಿದ್ದದ್ದು ನಲವತ್ತೊಂದು. ಪ್ರತಿ ತಿಂಗಳೂ ಆ ಒಂಬತ್ತು ರೂಪಾಯಿಗೆ ಠಪ್ಪೆಂದು ಮೊಹರು ಒತ್ತುತ್ತಿದ್ದವನು ನಾನೇ. ಮೊದಲೆರಡು ವರ್ಷ, ಪಂಚಪ್ಪ ಕಾರ್ಯದರ್ಶಿಯಾಗುವ ಮುಂಚೆ, ಕೊರತೆಯನ್ನು ಸಂಘ ಹೇಗೋ ಸರಿದೂಗಿಸಿತು. ಎಂಬತ್ತೆರಡರಲ್ಲಿ ಪಂಚಪ್ಪ ಕಾಶಿನಾಥನ ಪಾಳಿಯನ್ನು ರದ್ದು ಮಾಡಿದ. ಕೊರತೆಯ ನೋಟೀಸು ಮಸ್ಕತ್ತಿಗೆ ಹೋಗಿ, ಅಲ್ಲಿಂದ ದಾನವ್ವನಿಗೆ ಕಾಗದ ಬರುವಷ್ಟರಲ್ಲಿ ಗಡುವು ದಾಟಿಹೋಗಿತ್ತು.

ಆ ಆಗಸ್ಟಿನಲ್ಲಿ ಕಾಶಿನಾಥನ ತಂಗಿ ಗಂಗಾದೇವಿಗೆ ಹೆರಿಗೆಯಿತ್ತು. ಮೊದಲ ಕೂಸು ಹುಟ್ಟುತ್ತಲೇ ಹೋಗಿತ್ತು, ಈ ಸಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಕರೆದೊಯ್ಯಿರಿ ಎಂದು ಗದಗಿನ ಡಾಕ್ಟರು ಹೇಳಿದ್ದರು. ದಾನವ್ವನ ಕೋಣೆಗೆ ಕರೆತರೋಣವೆಂದರೆ ರಾಮಲಕ್ಷ್ಮಮ್ಮ ಒಪ್ಪಲಿಲ್ಲ. "ಬೇಜಾರ್ ಮಾಡ್ಕೋಬೇಡಮ್ಮ, ಮನೇಲಿ ದೇವರಿದೆ, ಪುರುಡು ನಡೆಯಲ್ಲ" ಎಂದರು. ಪಾಳಿ ಮನೆ ಕೈತಪ್ಪಿತ್ತು. ಹೆರಿಗೆ ಊರಲ್ಲೇ ಆಯಿತು, ಎರಡನೆಯ ಕೂಸೂ ಉಳಿಯಲಿಲ್ಲ. ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎಷ್ಟೋ ದಿನ ಆ ಮೊಹರನ್ನು ಕೈಯಲ್ಲಿ ಹಿಡಿಯುವುದಕ್ಕೇ ಹೇಸಿಗೆಯಾಗುತ್ತಿತ್ತು.

ಎಂಬತ್ಮೂರರ ಜನವರಿಯಲ್ಲಿ ದಾನವ್ವ ಮೊದಲ ಸಲ ನನ್ನ ಕೌಂಟರಿಗೆ ಬಂದಳು. ಗಂಗಾದೇವಿ ಮತ್ತೆ ಬಸುರಾಗಿದ್ದಳು, ಹೆರಿಗೆ ಆಗಸ್ಟಿಗೇ ಬೀಳುತ್ತಿತ್ತು. ಎರಡು ಸಲ ಊರಿಗೆಲ್ಲ ಹೇಳಿ ಕೆಟ್ಟದ್ದಾಗಿದೆ, ಈ ಸಲ ಯಾರಿಗೂ ಬಾಯಿಬಿಡುವುದು ಬೇಡವೆಂದು ಮನೆಯವರು ತೀರ್ಮಾನಿಸಿದ್ದರು. ಹಾಗಾಗಿ ದಾನವ್ವ ನನ್ನೆದುರು ಕಾರಣ ಹೇಳಲಿಲ್ಲ. ಹಳೆಯ ಬಾಕಿಯನ್ನು ರವಿಕೆಯ ದುಡ್ಡಿನಲ್ಲಿ ತೀರಿಸಿ ಬಂದಿದ್ದಳು. ಬಂದವಳು ಸೀದಾ ಕೇಳಿದಳು:

"ಸಾಹೇಬ್ರ, ಐವತ್ತು ಬಂದ್ರೂ ಒಂಬತ್ತು ಹಿಡೀತೀರಿ. ಐದುನೂರು ಬಂದ್ರ ತೊಂಬತ್ತು ಹಿಡೀತೀರೇನು?"

"ಇಲ್ಲಮ್ಮ. ಹತ್ತೋ ಹನ್ನೊಂದೋ ಆಗುತ್ತೆ. ಅಂಚೆ ಖರ್ಚು ಅಷ್ಟೇ, ಕಮಿಷನ್ನೂ ಹೆಚ್ಚುಕಮ್ಮಿ ಅಷ್ಟೇ."

"ಎರಡು ಸಾವಿರ ಬಂದ್ರ?"

"ಹದಿನೈದು ಅಂದ್ಕೊಳ್ಳಿ."

ದಾನವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ ನನಗೆ ಇನ್ನೂ ತಿಳಿದಿಲ್ಲ. "ನಮ್ಮ ಕಡೆ ಸಂತ್ಯಾಗ ಬುಟ್ಟಿಗಿಷ್ಟು ಅಂತ ಸುಂಕ ಹಿಡೀತಾರ್ರಿ. ಬುಟ್ಟಿ ಸಣ್ಣದಿರ್ಲಿ ದೊಡ್ಡದಿರ್ಲಿ, ಸುಂಕ ಅಷ್ಟ. ಹನ್ನೆರಡು ಸಣ್ಣ ಬುಟ್ಟಿ ಯಾಕ ಹೊರಬೇಕು? ಒಂದ ದೊಡ್ಡ ಬುಟ್ಟಿ ಹೊತ್ತು ಒಳಗ ತಂದು ಇಟ್ಕೊಂಡ್ರ, ಒಳಗಿಂದೊಳಗ ಯಾರಿಗೆ ಬೇಕಾದ್ರೂ ಕೊಡಬಹುದಲ್ಲ. ಒಳಗ ಕೊಟ್ರ ಸುಂಕ ಐತೇನ್ರಿ?"

ಇರಲಿಲ್ಲ! ನನ್ನ ಶಾಖೆಯೊಳಗೇ ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಹಾಕಲು ಒಂದು ಕಾಸೂ ಖರ್ಚಿರಲಿಲ್ಲ. ಪರದೇಶದಲ್ಲಿರುವವರ ಹೆಸರಿನಲ್ಲಿ ಇಲ್ಲಿ ರೂಪಾಯಿ ಖಾತೆ ತೆರೆಯುವ ಏರ್ಪಾಡೂ ಇತ್ತು. ಅದರ ಫಾರಮ್ಮುಗಳು ನನ್ನ ಡ್ರಾಯರಿನಲ್ಲೇ ಧೂಳು ತಿನ್ನುತ್ತಿದ್ದವು. ಮೂರು ವರ್ಷ ಆ ಬಡಪಾಯಿಯ ಡ್ರಾಫ್ಟುಗಳಿಗೆ ಒಂದರ ಮೇಲೊಂದು ಕಮಿಷನ್ನು ಹಿಡಿದೆನೇ ಹೊರತು, ಹೀಗೊಂದು ದಾರಿಯಿದೆ ಎಂದು ಒಂದು ಕಾರ್ಡು ಗೀಚಿ ಹಾಕಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎನ್ನುತ್ತಾರಲ್ಲ, ಆ ಸುಂಕದವನು ನಾನೇ ಆಗಿದ್ದೆ.

ಆವತ್ತಿನಿಂದ ನನಗೆ ಹುರುಪೋ ಹುರುಪು. ಫಾರಮ್ಮುಗಳನ್ನು ಮಸ್ಕತ್ತಿಗೆ ಕಳಿಸಿದ್ದಾಯಿತು, ಕಾಶಿನಾಥ ಸಹಿ ಹಾಕಿ ವಾಪಸು ಕಳಿಸಿದ್ದಾಯಿತು. ಇಲ್ಲಿನ ಖರ್ಚಿಗೆ ಹೆಂಡತಿ ಹಣ ತೆಗೆಯಬಹುದೆಂದು ಅಧಿಕಾರ ಪತ್ರವನ್ನೂ ಜೊತೆಗಿಟ್ಟಿದ್ದ. ಮಾರ್ಚಿ ಹದಿನೈದಕ್ಕೆ ಎರಡು ಸಾವಿರದ ಒಂದೇ ಡ್ರಾಫ್ಟು ಬಂದು ಖಾತೆಗೆ ಬಿತ್ತು. ಕಳೆದದ್ದು ಹದಿನಾಲ್ಕು ರೂಪಾಯಿ! ನಾನು ಇಡೀ ಬ್ಯಾಂಕಿಗೆ ಕೇಳುವಂತೆ ಹೇಳಿಕೊಂಡು ಓಡಾಡಿದೆ. ಕ್ಯಾಷಿಯರ್ ರಹಮತುಲ್ಲಾ, "ಏನ್ ಗುರು, ನಿಮ್ಮನೆಗೇ ಬಂದಂಗೆ ಕುಣೀತಿದೀಯ" ಎಂದು ನಕ್ಕ.

ಹದಿನೆಂಟಕ್ಕೆ ದಾನವ್ವ ಬಂದಳು. ಕೌಂಟರಿನ ಮುಂದೆ ಜನ ಜಾತ್ರೆ. ಖಾತೆಯಿಂದ ಸಂಘಕ್ಕೆ ಹಣ ವರ್ಗಾಯಿಸುವ ಇಂಗ್ಲಿಷ್ ಫಾರಮ್ಮನ್ನು ನನ್ನ ಮುಂದಿಟ್ಟು, "ಸಾಹೇಬ್ರ, ಸಂಘಕ್ಕ ಆರುನೂರು ತುಂಬಬೇಕ್ರಿ. ನೀವ ತುಂಬಿಬಿಡ್ರಿ" ಎಂದಳು. ಪಾಪ, ಇಂಗ್ಲಿಷ್ ಬರುವುದಿಲ್ಲ, ತುಂಬಿಕೊಡೋಣ ಎಂದುಕೊಂಡೆ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹೆಸರು, ನಂಬರು, ಅಂಕಿ, ಅಕ್ಷರಗಳಲ್ಲಿ ಆರುನೂರು, ಎಲ್ಲ ಬರೆದು, "ತಗೊಳ್ಳಿ, ತುಂಬಿದೀನಿ" ಎಂದು ಕೊಟ್ಟೆ. ಸಹಿ ಹಾಕಿ ತಂದುಕೊಡುತ್ತಾಳೆ ಎಂದು ನನ್ನ ಲೆಕ್ಕ. ದಾನವ್ವ ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡು ಹೊರಟುಹೋದಳು. ಹಿಂದೆ ನಿಂತಿದ್ದವರು ಆಗಲೇ ಪಾಸ್‌ಬುಕ್ಕು ಚಾಚಿದ್ದರು.

ಮಾರ್ಚಿ ಮೂವತ್ತೊಂದು ಬಂತು. ಮಧ್ಯಾಹ್ನ ಒಂದೂಮುಕ್ಕಾಲು. ದಾನವ್ವ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದು ನನ್ನೆದುರು ಇಟ್ಟಳು. "ಗಡುವಿಗೆ ಹದಿಮೂರು ದಿನ ಮೊದಲ ತುಂಬಿದ್ವಿ ನೋಡ್ರಿ. ತಿನ್ರಿ" ಎಂದಳು. ನಾನೂ ಹಿಗ್ಗಿನಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು, "ಆ ಫಾರಂ ಯಾರ ಕೈಲಿ ಕೊಟ್ರಮ್ಮ? ನನ್ ಕಣ್ಣಿಗೆ ಬೀಳ್ಲಿಲ್ವಲ್ಲ" ಎಂದೆ.

"ಯಾರಿಗ್ಯಾಕ ಕೊಡ್ಲಿ? ರಸೀದಿ ಅಲ್ಲೇನ್ರಿ ಅದು? ದೇವರ ಜಗಲಿ ಮ್ಯಾಲ ಇಟ್ಟೀನಿ."

ಹೋಳಿಗೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. ಆಗ ನನಗೆ ಹೊಳೆಯಿತು. ಅವರ ಕಡೆ ರೊಕ್ಕ ತುಂಬುವುದೆಂದರೆ ದುಡ್ಡು ಕಟ್ಟುವುದು! ಅವಳು ಹಣ ಕಟ್ಟಿಬಿಡಿ ಅಂದದ್ದು, ನಾನು ಫಾರಂ ಭರ್ತಿ ಮಾಡಿ 'ತುಂಬಿದೀನಿ' ಅಂದದ್ದು. ಎರಡು ಸಾವಿರವೂ ಖಾತೆಯಲ್ಲೇ ಬೆಚ್ಚಗೆ ಮಲಗಿತ್ತು.

ತೊದಲುತ್ತಾ ವಿಷಯ ಹೇಳಿದೆ. ದಾನವ್ವ ಅಳಲಿಲ್ಲ, ಬೈಯಲಿಲ್ಲ. "ಪಂಚಪ್ಪಣ್ಣ ಎರಡೂವರಿಗೆ ಪುಸ್ತಕ ಮುಚ್ಚಿ ಎರಡನೇ ಪಾಳಿ ಕೆಲಸಕ್ಕ ಹೋಗ್ತಾರ್ರಿ. ಈಗ ಖಾತೆಗೆ ಹಾಕಿದ್ರ ಅವರಿಗೆ ಗೊತ್ತಾಗೂದು ನಾಳೆ. ರೊಕ್ಕ ಕೈಗೆ ಕೊಡ್ರಿ, ನಾನ ಓಡ್ತೀನಿ" ಎಂದಳು. ಕ್ಯಾಷು ಮುಚ್ಚುವುದಕ್ಕೆ ಐದೇ ನಿಮಿಷವಿತ್ತು. ರಹಮತುಲ್ಲಾ ಕಟ್ಟುಗಳಿಗೆ ದಾರ ಸುತ್ತುತ್ತಿದ್ದವನು ನನ್ನ ಮುಖ ನೋಡಿ, ಒಂದು ಮಾತೂ ಕೇಳದೆ ಬಿಚ್ಚಿ ಆರುನೂರು ಎಣಿಸಿದ. ಮ್ಯಾನೇಜರು ಊಟಕ್ಕೆ ಹೋಗಿದ್ದರು. ಅವರ ಅಪ್ಪಣೆ ಕೇಳಲು ಪುರುಸೊತ್ತೆಲ್ಲಿ? ನಾನೂ ಅವಳ ಹಿಂದೆಯೇ ಬೀದಿಗೆ ಬಿದ್ದೆ.

ಆಟೋದವನು ಮೇಖ್ರಿ ಸರ್ಕಲ್ಲಿನವರೆಗೆ ಹಾರಿಸಿಕೊಂಡು ಹೋದ. ಅಲ್ಲಿಂದ ಮುಂದೆ ಎತ್ತಿನ ಗಾಡಿ, ಲಾರಿ, ಎಲ್ಲಕ್ಕೂ ಹಾರನ್ನು ಹೊಡೆದೇ ಹೊಡೆದ. ನಾನು ಗಡಿಯಾರ ನೋಡುತ್ತಿದ್ದೆ, ದಾನವ್ವ ರಸ್ತೆ ನೋಡುತ್ತಿದ್ದಳು. ಎರಡೂ ಇಪ್ಪತ್ತಕ್ಕೆ ಯಶವಂತಪುರದ ಗೇಟು ತಲುಪಿದೆವು. ಗೇಟು ಹಾಕಿತ್ತು! ಎದುರಿಗೆ ಗೂಡ್ಸು ಗಾಡಿ, ಡಬ್ಬಿ ಹಿಂದೆ ಡಬ್ಬಿ, ಆಮೆಯೂ ನಾಚಬೇಕು ಹಾಗೆ ತೆವಳುತ್ತಿತ್ತು. ನಾನು ಡಬ್ಬಿ ಎಣಿಸಿದೆ, ನಲವತ್ತಾರು. ಕೊನೆಯದು ದಾಟುತ್ತಲೇ ದಾನವ್ವ ಸೀರೆ ಎತ್ತಿ ಕಟ್ಟಿ ಹಳಿ ದಾಟಿ ಓಡಿದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆ.

ಪಾಳಿ ಮನೆಯ ಜಗಲಿಯಲ್ಲಿ ಪಂಚಪ್ಪ ಊಟದ ಡಬ್ಬಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಪಾಳಿಗೆ ಕಾದಿದ್ದ ಅಪ್ಪಾಸಾಹೇಬರು, ಬಿಳಿ ಟೋಪಿಯ ಹಿರಿಯರು. ಎರಡೂ ಮೂವತ್ತೈದು. ಪುಸ್ತಕದಲ್ಲಿ ಆಗಸ್ಟಿನ ಎದುರು ಕಾಶಿನಾಥನ ಹೆಸರಿಗೆ ಗೀಟು ಬಿದ್ದು, ಅಪ್ಪಾಸಾಹೇಬರ ಹೆಸರು ಬಂದಾಗಿತ್ತು. ಅವರ ಆರುನೂರು ಮೇಜಿನ ಮೇಲಿತ್ತು.

"ತಪ್ಪು ನಂದು ಕಣ್ರೀ" ಎಂದು ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ. ಪಂಚಪ್ಪನೂ ಅದೇ ಕಡೆಯವನು, 'ತುಂಬುವುದು' ಅವನಿಗೆ ಕೂಡಲೇ ಅರ್ಥವಾಯಿತು. ಆದರೂ ತಲೆಯಾಡಿಸಿದ. "ಖರೇನ ಇರಬಹುದು. ನಿಯಮ ನಿಯಮಾರೀ. ಇವತ್ತು ನಿಮಗ ಬಿಟ್ರ ನಾಳೆ ಎಲ್ಲಾರಿಗೂ ಬಿಡಬೇಕಾಗ್ತದ. ಈಗ ಪಾಳಿ ಅಪ್ಪಾಸಾಹೇಬ್ರದು."

ಅಪ್ಪಾಸಾಹೇಬರು ದಾನವ್ವನತ್ತ ತಿರುಗಿದರು. "ತಂಗೀ, ಆಗಸ್ಟಿನ್ಯಾಗ ನಿನಗೇನೈತಿ? ನನ್ನ ಮೊಮ್ಮಗಂದು ಪರೀಕ್ಷೆ ಐತಿ. ಅಂವ ಎಲ್ಲಾದ್ರೂ ಇರ್ತಾನ. ನಿಂದೇನು, ಹೇಳು."

ಅದು ಮನೆಯವರೆಲ್ಲ ಹೇಳಬಾರದೆಂದು ಆಣೆಯಿಟ್ಟುಕೊಂಡ ಮಾತು. ಬಾಯಿಬಿಟ್ಟರೆ ಮತ್ತೆ ಕೆಟ್ಟದ್ದಾದೀತೆಂಬ ದಿಗಿಲು, ಬಿಡದಿದ್ದರೆ ಮನೆಯಿಲ್ಲ. ದಾನವ್ವ ಮುಷ್ಟಿಯಲ್ಲಿದ್ದ ಆರುನೂರನ್ನು ಮೇಜಿನ ಮೇಲಿಟ್ಟಳು.

"ನಮ್ಮ ನಾದಿನಿ ಹಡೀತಾಳ್ರಿ" ಎಂದಳು. "ಎರಡು ಕೂಸು ಮಣ್ಣಿಗೆ ಕೊಟ್ಟೀವಿ. ಹೋದ ವರ್ಷ ಈ ಮನಿ ಸಿಗಲಿಲ್ಲ."

ಪಂಚಪ್ಪ ಡಬ್ಬಿಯನ್ನು ಕೆಳಗಿಟ್ಟ. ಅಪ್ಪಾಸಾಹೇಬರು ಮೇಜಿನ ಮೇಲಿದ್ದ ತಮ್ಮ ನೋಟುಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ಪಾಳಿ ನಂದು ಅಂದ್ಯಲ್ಲ ಪಂಚಪ್ಪ? ಹಂಗಾದ್ರ ಬಿಟ್ಟುಕೊಡೋದೂ ನಂದ. ಆಕಿ ಹೆಸರು ಬರಿ" ಎಂದರು. ಪಂಚಪ್ಪ ದಾನವ್ವನ ಆರುನೂರನ್ನು ಎರಡು ಸಲ ಎಣಿಸಿ ಹೆಸರು ಬರೆದ, ಆಮೇಲೆ ಅವಳತ್ತ ನೋಡಲಾರದೆ ಸೈಕಲ್ಲು ಹತ್ತಿದ. ಅಂದು ಅವನು ಕಾರ್ಖಾನೆಗೆ ತಡವಾಗಿ ಹೋಗಿ ಅರ್ಧ ದಿನದ ಸಂಬಳ ಕಳೆದುಕೊಂಡನೆಂದು ಆಮೇಲೆ ಕೇಳಿದೆ. ಮ್ಯಾನೇಜರಿಂದ ನನಗೂ ಚೆನ್ನಾಗಿಯೇ ಮಂಗಳಾರತಿಯಾಯಿತು.

ಆಗಸ್ಟು ಹನ್ನೊಂದರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ದಾನವ್ವ ಮೆಟ್ಟಿಲ ಮೇಲೆ ಕೂತಿದ್ದಳು. ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದವಳು, ಕಣ್ಣು ಕೆಂಡದಂತಾಗಿತ್ತು. ನಾನು ಎರಡೆರಡು ಮೆಟ್ಟಿಲು ಹತ್ತಿ ಅವಳ ಬಳಿ ಹೋದೆ.

"ಮಸ್ಕತ್ತಿಗೆ ತಂತಿ ಕೊಡಬೇಕ್ರಿ. ಇಂಗ್ಲಿಷಿನ್ಯಾಗ ಬರದುಕೊಡ್ರಿ" ಎಂದಳು.

ಇಬ್ಬರೂ ಅಂಚೆ ಕಚೇರಿಗೆ ಹೋದೆವು. ದಾರಿಯಲ್ಲಿ ಅವಳು ಹೇಳಿದ್ದನ್ನು ಹಿಡಿದು ಫಾರಮ್ಮಿನಲ್ಲಿ ಹೆಣ್ಣು ಮಗು, ತಾಯಿ ಮಗು ಕ್ಷೇಮ ಎಂದಿಷ್ಟು ಬರೆದು ಓದಿಹೇಳಿದೆ. ಪರದೇಶದ ತಂತಿ, ಒಂದೊಂದು ಪದಕ್ಕೂ ದುಡ್ಡು, ಅದಕ್ಕೇ ಆದಷ್ಟು ಚಿಕ್ಕದು ಮಾಡಿದ್ದೆ. ದಾನವ್ವ ಕೇಳಿಸಿಕೊಂಡು, "ಭಾಳ ಅಳ್ತಾಳ ಅಂತನೂ ಬರೀರಿ" ಎಂದಳು.

"ಅದ್ಯಾಕಮ್ಮ? ಸುಮ್ನೆ ದುಡ್ಡು ಹೋಗುತ್ತೆ. ಕ್ಷೇಮ ಅಂದ್ರೆ ಸಾಲ್ದಾ?"

"ಹೋಗ್ಲಿ ಬಿಡ್ರಿ. ಮೊದಲಿನವೆರಡೂ ಅಳಲಿಲ್ಲ" ಎಂದಳು. "ಕ್ಷೇಮ ಅಂದ್ರ ಅವರು ನಂಬಂಗಿಲ್ಲ. ಅಳ್ತಾಳ ಅಂದ್ರ ನಂಬತಾರ."

ಅಷ್ಟು ಹೇಳಿ ಅಂಚೆ ಕಚೇರಿಯ ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತುಬಿಟ್ಟಳು. ನಾನು ಅವಳು ಹೇಳಿದ್ದನ್ನೆಲ್ಲ ಬರೆದೆ.