ಒಳಗಿದ್ದು ನೋಡುವವರು

ನನ್ನ ಕಚೇರಿಯೆಂದರೆ ಅಡುಗೆಮನೆಯ ಕಿಟಕಿಗೆ ತಾಗಿದ ಒಂದು ಮೇಜು. ಅದರ ಮೇಲೊಂದು ಲ್ಯಾಪ್‌ಟಾಪು, ಪಕ್ಕದಲ್ಲೇ ಜೋಳದ ಹಿಟ್ಟಿನ ಡಬ್ಬಿ. ಕೀಲಿಮಣೆಯ ಸಂದಿಗಳಲ್ಲಿ ಹಿಟ್ಟು ಕೂತಿರುವುದನ್ನು ಕಂಡವರು, ಈಕೆಗೆ ಯಾವ ಕೆಲಸದಲ್ಲಿ ಅಶ್ರದ್ಧೆ ಹೆಚ್ಚು ಎಂದು ನಿರ್ಧರಿಸಲಾರದೆ ಸುಮ್ಮನಾಗುತ್ತಾರೆ. ನಮ್ಮ ಗಡಿಯೂರು ಬೆಳುಂಕಿಯ ಈ ಮೇಜಿನಿಂದಲೇ ನಾನು ದೂರದ ಒಂದು ಕೋಲ್ಡ್ ಸ್ಟೋರೇಜಿನ ಸರ್ವರನ್ನು ನೋಡಿಕೊಳ್ಳುತ್ತೇನೆ. ಸರ್ವರ್ ಎಂದೊಡನೆ ಗಾಬರಿಯಾಗಬೇಡಿ. ಒಣದ್ರಾಕ್ಷಿ ಇಟ್ಟ ಕೋಣೆಗಳು ಎಷ್ಟು ತಣ್ಣಗಿವೆ ಎಂಬುದನ್ನು ಹಗಲಿರುಳು ಬರೆದುಕೊಳ್ಳುವ ಕಂಪ್ಯೂಟರು ಅದು, ಅಷ್ಟೆ.

ಬೇಸಿಗೆಯ ಆರಂಭದಲ್ಲಿ ಅದು ಬರೆಯುವುದನ್ನು ನಿಲ್ಲಿಸಿಬಿಟ್ಟಿತ್ತು, ಮತ್ತು ಯಾರಿಗೂ ಗೊತ್ತಾಗಲಿಲ್ಲ. ನಾನು ಇಲ್ಲಿಂದ ‘ಇದ್ದೀಯಾ?’ ಎಂದು ಕೇಳಿದಾಗಲೆಲ್ಲ ಅದು ಥಟ್ಟನೆ ‘ಇದ್ದೇನೆ’ ಎಂದು ಉತ್ತರಿಸುತ್ತಲೇ ಇತ್ತು. ಇದ್ದದ್ದೇನೋ ನಿಜ, ಆದರೆ ಡಿಸ್ಕು ಕಂಠಮಟ್ಟ ತುಂಬಿಹೋಗಿ ಒಂದಕ್ಷರ ಬರೆಯಲೂ ಅದಕ್ಕೆ ಜಾಗವಿರಲಿಲ್ಲ. ಪುಣ್ಯಕ್ಕೆ ಕೋಣೆಗಳು ತಣ್ಣಗೇ ಇದ್ದವು, ದ್ರಾಕ್ಷಿ ಉಳಿಯಿತು. ಬಾಗಿಲಾಚೆ ನಿಂತು ಕೂಗಿ ಕೇಳಿದರೆ ಯಾರಾದರೂ ಇದ್ದೇನೆಂದೇ ಹೇಳುತ್ತಾರೆ, ಆದ್ದರಿಂದ ಒಳಗೇ ಒಬ್ಬರನ್ನು ಇರಿಸಬೇಕೆಂದು ನಿಶ್ಚಯಿಸಿದೆ. ಹೀಗೆ ಸರ್ವರಿನೊಳಗೆ ಕೂತು, ಡಿಸ್ಕು ಎಷ್ಟು ತುಂಬಿದೆ, ನೆನಪು ಎಷ್ಟು ಉಳಿದಿದೆ, ದಣಿವು ಎಷ್ಟಾಗಿದೆ ಎಂದು ನೋಡಿ ವರದಿ ಕಳಿಸುವ ಪುಟ್ಟ ತಂತ್ರಾಂಶಕ್ಕೆ ಏಜೆಂಟ್ ಎನ್ನುತ್ತಾರೆ.

ಆ ಸರ್ವರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಇಂಥವರನ್ನು ಒಳಗೆ ಕರೆತರುವ ಜವಾಬ್ದಾರಿ ಪ್ಯಾಕೇಜ್ ಮ್ಯಾನೇಜರಿನದು. ಅದರ ನಡವಳಿಕೆ ನಮ್ಮೂರ ಕಟ್ಟೆಯ ಹಿರಿಯರಂಥದು. ಹೊಸಬರು ಊರು ಹೊಕ್ಕರೆ ‘ಯಾರ ಪೈಕಿ?’ ಎಂದು ಕೇಳದೆ ನಮ್ಮ ಹಿರಿಯರು ಮುಂದೆ ಬಿಡುವುದಿಲ್ಲ. ಇದೂ ಅಷ್ಟೆ, ತಯಾರಿಸಿದವರ ಸಹಿ ಗುರುತಿಸುವ ಕೀಲಿಯನ್ನು ಮೊದಲೇ ಇಸಿದುಕೊಂಡು, ಬಂದ ಪ್ಯಾಕೇಜಿನ, ಅಂದರೆ ತಂತ್ರಾಂಶದ ಗಂಟಿನ, ಮೇಲಿನ ಸಹಿ ಅವರದೇ ಹೌದೋ ಎಂದು ತಾಳೆ ನೋಡುತ್ತದೆ. ಆಮೇಲೆ ಈ ಅತಿಥಿಯ ಬೆನ್ನಿಗೆ ಇನ್ನು ಯಾರು ಯಾರು ಬರಲಿದ್ದಾರೆ, ಅವರೆಲ್ಲರಿಗೆ ಸೇರಿ ಎಷ್ಟು ಜಾಗ ಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಒಪ್ಪಿಗೆಯೇ ಎಂದು ಕೇಳಿ, ಉತ್ತರಕ್ಕಾಗಿ ಕಾದು ನಿಲ್ಲುತ್ತದೆ. ನಮ್ಮ ಬಳಗದವರಿಗೆ ಇಷ್ಟು ಸೌಜನ್ಯ ಇನ್ನೂ ಬಂದಿಲ್ಲ.

ಒಪ್ಪಿಗೆ ಕೊಡಬೇಕು ಎನ್ನುವಷ್ಟರಲ್ಲಿ ಬಾಲಗಾಂವದಿಂದ ನನ್ನ ಅಕ್ಕನ ಫೋನು ಬಂತು. ಅವಳ ಮಗಳು ಅಶ್ವಿನಿಯ ಮದುವೆ ಹತ್ತಿರವಾಗಿತ್ತು. ಮದುಮಗಳು ಮೊದಲ ಸಲ ಗಂಡನ ಮನೆಗೆ ಹೋಗುವಾಗ ತವರಿನ ಹೆಂಗಸೊಬ್ಬಳು ಜತೆಗೆ ಹೋಗಿ ಕೆಲವು ದಿನ ಇದ್ದು ಬರುವುದು ನಮ್ಮ ಪದ್ಧತಿ. ಅವಳನ್ನು ಪಾಠರಾಖೀಣ ಎನ್ನುತ್ತೇವೆ, ಅಂದರೆ ಬೆನ್ನು ಕಾಯುವವಳು. ಶಬ್ದ ಮರಾಠಿಯದಾದರೂ ನಮ್ಮ ಕನ್ನಡದ ಮನೆಗಳಲ್ಲಿ ಎಂದೋ ಒಳಗಿನದಾಗಿದೆ. ವಿಡಿಯೊ ಕಾಲ್ ಇರುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಭಾವ ತಕರಾರು ತೆಗೆದಿದ್ದರಂತೆ. ಅಕ್ಕ ಮಾತ್ರ ಪಟ್ಟು ಬಿಟ್ಟಿರಲಿಲ್ಲ.

“ಆಕಿ ಫೋನಿನ್ಯಾಗ ಎಲ್ಲಾದಕ್ಕೂ ಆರಾಮ ಅಂತಾಳ. ನೀ ಹೋಗಿ ಕಣ್ಣಿಂದ ನೋಡ್ಕೊಂಡು ಬಾ,” ಎಂದಳು.

ಅಕ್ಕನ ಚಿಂತೆ ಒಂದೇ ಆಗಿತ್ತು. ಅಶ್ವಿನಿ ಜತ್ತದ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುತ್ತಾಳೆ. ಮದುವೆಯ ಮಾತುಕತೆಯಲ್ಲಿ ಕೆಲಸ ಬಿಡಿಸುವುದಿಲ್ಲ ಎಂದು ಬೀಗರು ಒಪ್ಪಿಕೊಂಡಿದ್ದರು. ಆದರೆ ಹತ್ತು ಜನರ ಮುಂದೆ ಆಡಿದ ಮಾತು ಮನೆಯೊಳಗೆ ನಡೆಯುತ್ತದೆಯೋ ಇಲ್ಲವೋ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಹೋಗುತ್ತೇನೆ ಎಂದು ಅಕ್ಕನಿಗೂ, ಆಗಲಿ ಎಂದು ಪರದೆಗೂ ಒಪ್ಪಿಗೆ ಕೊಟ್ಟೆ.

ಏಜೆಂಟು ಬಂದಿಳಿಯಿತು. ಅದಕ್ಕೆ ಸರ್ವರಿನಲ್ಲಿ ಅದರದೇ ಹೆಸರಿನ ಒಂದು ಖಾತೆ ತೆರೆಯಿತು, ಕೆಲವೇ ಅಧಿಕಾರಗಳ ಖಾತೆ: ಎಲ್ಲವನ್ನೂ ನೋಡಬಹುದು, ಯಾವುದನ್ನೂ ಮುಟ್ಟುವಂತಿಲ್ಲ. ಸರ್ವರ್ ಎದ್ದಾಗಲೆಲ್ಲ ನೀನೂ ಏಳು ಎಂದು ಒಂದು ಸಾಲಿನ ಆಜ್ಞೆ ಕೊಟ್ಟೆ. ಮೊದಲ ವರದಿ ಬಂದಾಗ ಸಮಾಧಾನವಾಯಿತಾದರೂ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಒಬ್ಬರ ಮನೆಯಲ್ಲಿ ಉಂಡು, ಅಲ್ಲಿನ ಸಂಗತಿಯನ್ನು ಇನ್ನೊಬ್ಬರಿಗೆ ತಲುಪಿಸುವುದಕ್ಕೆ ನಮ್ಮಲ್ಲಿ ಚಾಡಿ ಎಂಬ ಹೆಸರಿದೆಯಲ್ಲ, ಗೆಳೆಯರೇ, ಹಾಗಾದರೆ ಕಾಳಜಿ ಯಾವುದು? ಸಂಗತಿ ಎರಡರಲ್ಲೂ ಒಂದೇ ಇರಬಹುದು. ಅದು ಯಾರ ಕಿವಿಗೆ ಬೀಳುತ್ತದೆ, ಕೇಳಿದವರ ಕೈಯಲ್ಲಿ ಏನು ಮಾಡಲಾಗುತ್ತದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ ಎಂದುಕೊಂಡೆ, ಪೂರ್ತಿ ನಂಬಿಕೆಯಿಂದಲ್ಲ.

ಮದುವೆ ಮುಗಿದು, ಪಾಠರಾಖೀಣಳಾಗಿ ಅಶ್ವಿನಿಯ ಜತೆ ಗುಡ್ಡಾಪುರಕ್ಕೆ ಹೋದೆ. ಅಲ್ಲಿ ಅವಳ ಗಂಡನ ಮನೆಯವರದು ದಾನಮ್ಮದೇವಿಯ ಗುಡಿಗೆ ಹೋಗುವ ದಾರಿಯಲ್ಲಿ ತೆಂಗಿನಕಾಯಿ, ಕುಂಕುಮದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮಂದಿ ನಿಜಕ್ಕೂ ಒಳ್ಳೆಯವರು. ಅತ್ತೆ ತಮ್ಮ ತಟ್ಟೆಗಿಂತ ಮೊದಲು ಸೊಸೆಯ ತಟ್ಟೆಗೆ ತುಪ್ಪ ಬಡಿಸುತ್ತಿದ್ದರು. ಅಂಗಡಿಯಲ್ಲಿ ಕೂರಿಸಿಕೊಂಡು, ಯಾವ ಕಾಯಿ ಎಳೆಯದು, ಯಾವುದು ಬಲಿತದ್ದು ಎಂದು ಅಕ್ಕರೆಯಿಂದ ಹೇಳಿಕೊಡುತ್ತಿದ್ದರು. ಅಮಾವಾಸ್ಯೆ ಹತ್ತಿರವಾದಂತೆ ಭಕ್ತರು ಹೆಚ್ಚಿದರು, ಅಶ್ವಿನಿ ಗಲ್ಲಾದ ಮುಂದೆ ಕೂರುವುದೂ ಹೆಚ್ಚಿತು. ಅವಳ ಲ್ಯಾಬಿನ ಬಿಳಿ ಕೋಟು ಮಾತ್ರ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲೇ ಇತ್ತು. ಯಾರೂ ಬೇಡವೆಂದಿರಲಿಲ್ಲ, ಹೋಗೆಂದೂ ಅಂದಿರಲಿಲ್ಲ. ಆ ಒಳ್ಳೆಯತನದ ಎದುರು ಯಾವ ಬಾಯಿಂದ ಕೇಳುವುದು ಎಂದು ಹುಡುಗಿ ಸುಮ್ಮನಿದ್ದಳು, ಮತ್ತು ಅದನ್ನು ನೋಡುತ್ತ ನನಗೆ ಸಂಕಟವಾಗುತ್ತಿತ್ತು.

“ಮೌಶಿ, ಅವ್ವಗ ನಾ ಆರಾಮ ಅದೀನಿ ಅಂತ ಹೇಳು,” ಎಂದಳು, ನಾನು ಚೀಲ ತುಂಬುವಾಗ.

ಅದು ಭಾನುವಾರ. ಮರುದಿನವೇ ಅಮಾವಾಸ್ಯೆ, ಮರುದಿನವೇ ಮದುವೆಯ ರಜೆ ಮುಗಿದು ಅವಳು ಲ್ಯಾಬಿಗೆ ಮರಳಬೇಕಿತ್ತು. ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದಾಗ ಅಕ್ಕನ ಫೋನು ಬಂತು. ಎದ್ದು ಹೊರಗೆ ಹೋಗಿ ಮೆಲ್ಲಗೆ ಹೇಳಿಬಿಡಬಹುದಿತ್ತು. ಆದರೆ ಬಾಲಗಾಂವದಲ್ಲಿ ಕೂತ ಅಕ್ಕ ಕೇಳಿ ಅಳುವುದರ ಹೊರತು ಏನು ಮಾಡಿಯಾಳು? ಸರಿಪಡಿಸಬಲ್ಲವರು ನನ್ನ ಎದುರಿಗೇ ಚಹಾದ ಬಸಿ ಹಿಡಿದುಕೊಂಡು ಕೂತಿದ್ದರು. ಸ್ಪೀಕರ್ ಹಾಕಿ, ಫೋನನ್ನು ಎಲ್ಲರ ನಡುವೆ ಇಟ್ಟೆ.

“ಊಟಾ, ನಿದ್ದಿ ಎಲ್ಲಾ ಚಲೋ ಅದ ಅಕ್ಕಾ, ಮಂದಿನೂ ಭಾಳ ಚಲೋ. ಆದ್ರ ನಾಳೆ ಆಕಿ ಕೆಲಸಕ್ಕ ಹೆಂಗ ಹೋಗಾಕಿ ಅಂತ ಈ ಮನ್ಯಾಗ ಇನ್ನೂ ಯಾರೂ ಮಾತಾಡಿಲ್ಲ.”

ಅತ್ತೆ ಬಸಿ ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು. “ನೀ ಕೇಳಲೇ ಇಲ್ಲಲ್ಲವಾ?”

“ನೀವೂ ಕೇಳಲಿಲ್ರಿ, ಅತ್ತಿ,” ಎಂದಳು ಅಶ್ವಿನಿ.

ಫೋನಿನಲ್ಲಿ ಅಕ್ಕ ಹಲೋ ಹಲೋ ಎನ್ನುತ್ತಿದ್ದಳು. ಅತ್ತೆ ಒಮ್ಮೆ ಅಂಗಡಿಯಲ್ಲಿ ರಾಶಿ ಹಾಕಿದ್ದ ಕಾಯಿಗಳನ್ನು, ಒಮ್ಮೆ ಸೊಸೆಯ ಮುಖವನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ನಾಳೆ ಅಮಾಸಿ, ಅಂಗಡ್ಯಾಗ ಕೈ ಸಾಲೂದಿಲ್ಲ. ಆಕಿ ಹೋಗ್ಲಿ. ನೀವು ಒಂದಿನ ಕುಂದ್ರತೀರೇನ್ರಿ, ಅಕ್ಕಾರ?”

ಮರುದಿನ ಮುಂಜಾನೆ ಅಶ್ವಿನಿ ಬಿಳಿ ಕೋಟನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಜತ್ತದ ಬಸ್ಸು ಹತ್ತಿದಳು. ನೋಡುವುದಷ್ಟೇ ತನ್ನ ಪಾಲಿನದು ಎಂದುಕೊಂಡು ಬಂದಿದ್ದ ನಾನು ಹೊತ್ತು ಇಳಿಯುವವರೆಗೆ ಕಾಯಿ ಮಾರಿದೆ, ಕೆಲವು ಎಳೆಯವನ್ನೂ ಮಾರಿದೆನೆಂದು ಕಾಣುತ್ತದೆ. ಸಂಜೆಯ ಬಸ್ಸಿಗೆ ಅವಳು ಬಂದು, ಚೀಲವನ್ನು ಗಲ್ಲಾದ ಪಕ್ಕಕ್ಕಿಟ್ಟು, ಅಲ್ಲೇ ಕುಸಿದು ಕೂತಳು.

“ಇವತ್ತ ಭಾಳ ದಣದೀನಿ,” ಎಂದಳು.

ಅದನ್ನು ಹೇಳಿದ್ದು ನನಗಲ್ಲ, ಅತ್ತೆಗೆ. ಅವರು ಎದ್ದು ಚಹಾಕ್ಕಿಡಲು ಒಳಗೆ ಹೋದರು. ನಾನು ನನ್ನ ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟೆ.